ಚಾವಿಯ ಮೇಲೆ ಕಾವು ಕೂತ ಕರಿ ಹೇಂಟೆಗೆ

ದೇವದುರ್ಗ, ಬೇವಿನ ಮರದ ನೆರಳು
ಕಾವಿನ ಹತ್ತೊಂಬತ್ತನೆಯ ದಿನ

ಇವರಿಗೆ,
ಶ್ರೀಮತಿ ಕರಿ ಹೇಂಟೆಯವರು,
ಬಿದಿರಿನ ಪುಟ್ಟಿ, ಪಡಸಾಲೆಯ ಮೂಲೆ.

ವಿಷಯ: ತಮ್ಮ ಹೊಟ್ಟೆಯ ಕೆಳಗಿರುವ ನನ್ನ ವ್ಯಾನಿನ ಚಾವಿಯ ಕುರಿತು.

ಮಾನ್ಯರೇ,

ಹದಿಮೂರು ತತ್ತಿಗಳ ಒಡತಿಯೂ, ಹಗಲಿರುಳು ಆಸನ ಬಿಟ್ಟೇಳದ ಕರ್ತವ್ಯನಿಷ್ಠರೂ, ಈ ಮನೆಯಲ್ಲಿ ಸದ್ಯಕ್ಕೆ ನನಗಿಂತ ಹೆಚ್ಚು ಮಾತು ನಡೆಯುವವರೂ ಆದ ತಮ್ಮ ಪಾದಗಳಿಗೆ, ಅವು ತತ್ತಿಗಳ ನಡುವೆ ಎಲ್ಲಿಯೇ ಇರಲಿ, ಈ ನಿವೃತ್ತ ಚಾಲಕನ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ, ಬಲಗೈಯ ತೋರುಬೆರಳೊಂದನ್ನು ಬಿಟ್ಟರೆ. ಅದರ ವಿಚಾರ ಮುಂದೆ ಬರುತ್ತದೆ. ಈ ಪತ್ರವನ್ನು ತಮ್ಮ ಪುಟ್ಟಿಯ ಮೇಲಿನ ಗೋಡೆಗೆ ಅಂಟಿಸುತ್ತಿದ್ದೇನೆ. ತಮಗೆ ಓದಲು ಬಾರದೆಂಬುದು ನನಗೆ ಗೊತ್ತು, ಆದರೆ ಈ ಮನೆಯಲ್ಲಿ ಓದಲು ಬರುವ ಇನ್ನೊಬ್ಬರಿದ್ದಾರೆ.

ತಮಗೆ ದಿನವೂ ಜೋಳ ಚೆಲ್ಲುವವಳು ನನ್ನ ಹೆಂಡತಿ ಆದೆಮ್ಮನಾದ್ದರಿಂದ ನನ್ನ ಪರಿಚಯ ತಮಗೆ ಇಲ್ಲದಿರಬಹುದು. ನಾನು ಪಕೀರಪ್ಪ, ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿ ಈ ಮಾರ್ಚ್ ಕೊನೆಗೆ ನಿವೃತ್ತನಾದವನು. ಬೆಳಿಗ್ಗೆ ದೇವದುರ್ಗದಿಂದ ರಾಯಚೂರು, ಮಧ್ಯಾಹ್ನ ರಾಯಚೂರಿನಿಂದ ಮಾನ್ವಿ, ಮತ್ತೆ ಮಾನ್ವಿಯಿಂದ ರಾಯಚೂರು, ಸಂಜೆ ಮನೆ. ಎಲ್ಲಿಗೆ ಹೋದರೂ ನಡುವೆ ಕಲ್ಮಲ. ದಿನಕ್ಕೆ ನಾಲ್ಕು ಸಲ ಕಲ್ಮಲ ದಾಟಿದ ನನಗೆ ಅಲ್ಲಿಯ ನಾಯಿಗಳು ಕೂಡ ಅವುಗಳ ಅಜ್ಜನ ಕಾಲದಿಂದ ಗೊತ್ತು. ನಾನು ಓಡಿಸಿದ ದೂರಕ್ಕೆ ಭೂಮಿಯನ್ನು ಎಷ್ಟೋ ಸುತ್ತು ಸುತ್ತಬಹುದಿತ್ತು ಎಂದು ಬೀಳ್ಕೊಡುಗೆಯ ದಿನ ಒಬ್ಬರು ಭಾಷಣದಲ್ಲಿ ಹೇಳಿದರು. ಸುತ್ತಿದ್ದು ಮಾತ್ರ ಕಲ್ಮಲವನ್ನು.

ಆದೆಮ್ಮನೂ ಅದಕ್ಕಿಂತ ಹೆಚ್ಚು ಸುತ್ತಿದವಳಲ್ಲ. ಅವಳು ಇದುವರೆಗೆ ನೋಡಿದ ದೊಡ್ಡ ನೀರೆಂದರೆ ಗೂಗಲ್ ಊರಿನ ಕೃಷ್ಣಾ ಹೊಳೆ. ಮದುವೆಯಾದ ಹೊಸದರಲ್ಲಿ ಅಲ್ಲಿಯ ಅಲ್ಲಮಪ್ರಭುವಿಗೆ ಕೈಮುಗಿದು ಹೊಳೆಯ ದಂಡೆಗೆ ಬಂದಾಗ ಅವಳು ಬಹಳ ಹೊತ್ತು ಎದುರಿನ ದಡವನ್ನೇ ನೋಡುತ್ತ ನಿಂತು, "ಆಚಿ ದಂಡಿ ಕಾಣದಂಥಾ ನೀರು ಹ್ಯಾಂಗ ಇರ್ತದರೀ" ಎಂದು ಕೇಳಿದ್ದಳು. ಅದಕ್ಕೆ ಸಮುದ್ರ ಅಂತಾರೆ, ರಿಟೈರ್ ಆದ ಬೇಸಿಗೆಗೆ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹೊಸದಾಗಿ ನೌಕರಿಗೆ ಸೇರಿದವನಿಗೆ ನಿವೃತ್ತಿ ಎಂಬುದು ಬೇರೆ ಯಾರಿಗೋ ಬರುವ ಕಾಯಿಲೆಯಂತೆ ಕಾಣುತ್ತದೆ, ಹೀಗಾಗಿ ಧಾರಾಳವಾಗಿ ಕೊಟ್ಟೆ. ಅವಳು ಮರೆಯಲಿಲ್ಲ.

ಕೊಟ್ಟ ಮಾತಿನಂತೆ ಏಪ್ರಿಲ್ ಮೊದಲ ವಾರದಲ್ಲೇ ಮಾನ್ವಿಯ ಇಮಾಮಹುಸೇನನಿಂದ, ಅವನು ಶಾಮಿಯಾನದ ಸಾಮಾನು ಸಾಗಿಸುತ್ತಿದ್ದ ಹಳೆಯ ವ್ಯಾನನ್ನು ಕೊಂಡು ತಂದೆ. ಅದರ ಎಡಬಾಗಿಲಿಗೆ ಬೀಗ ಬೀಳುವುದಿಲ್ಲ, ಎರಡು ಚಾವಿಗಳಲ್ಲಿ ಒಂದು ಎಂದೋ ಕಾಲುವೆಯ ಪಾಲಾಗಿದೆ, ಉಳಿದಂತೆ ಗಟ್ಟಿ ಗಾಡಿ. ಈ ಬಿಸಿಲಿನಲ್ಲಿ ಯಾಕೆ ಹೊರಡುತ್ತೀರಿ ಎಂದು ಕೇಳಿದವರಿಗೆಲ್ಲ, ಬೇಸಿಗೆಯಲ್ಲಿ ರಾಯಚೂರು ಸೀಮೆ ಬಿಟ್ಟು ಹೋಗಲು ಕಾರಣ ಬೇಕಿಲ್ಲ, ಇರುವುದಕ್ಕೆ ಬೇಕು ಎಂದು ಉತ್ತರಿಸಿದೆ. ಕನ್ಯಾಕುಮಾರಿಯವರೆಗೆ ಹೋಗಿ, ಬರುವಾಗ ಕಡಲ ದಂಡೆ ಹಿಡಿದು ಕಾರವಾರದ ಮೇಲಿಂದ ಮನೆ ಸೇರುವ ಇಪ್ಪತ್ತನಾಲ್ಕು ದಿನಗಳ ವೇಳಾಪಟ್ಟಿಯನ್ನು ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ಬರೆದೆ. ಹೊರಡುವುದು ಬೆಳಗಿನ ನಾಲ್ಕೂ ಹದಿನೈದಕ್ಕೆ. ಚಹಾಕ್ಕೆ ಏಳು ನಿಮಿಷ. ರೊಟ್ಟಿ ಬಿಚ್ಚಿ, ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡು, ಕೈ ತೊಳೆಯಲು ಹದಿನೆಂಟು. ದೇಹಬಾಧೆಗೆ ಗಂಡಸರಿಗೆ ಮೂರು, ಹೆಂಗಸರಿಗೆ ಐದು. ಹನ್ನೊಂದನೆಯ ದಿನದ ಸಾಲಿನಲ್ಲಿ "ಕನ್ಯಾಕುಮಾರಿ, ಸಮುದ್ರ ವೀಕ್ಷಣೆ, ಇಪ್ಪತ್ತು ನಿಮಿಷ" ಎಂದು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದೆ. ಇಪ್ಪತ್ತು ನಿಮಿಷದ ನಿಲುಗಡೆ ಎಂಬ ಗೌರವವನ್ನು ನಾನು ನೌಕರಿಯಲ್ಲಿ ಯಾವ ಊರಿಗೂ ಕೊಟ್ಟವನಲ್ಲ. ಆದೆಮ್ಮ ತನ್ನ ಪ್ರತಿಯನ್ನು ನಿಧಾನವಾಗಿ ಓದಿ, ನಾಲ್ಕಾಗಿ ಮಡಚಿ, ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟು, ರೊಟ್ಟಿ ಬಡಿಯಲು ಕೂತಳು. ಒಪ್ಪಿಗೆ ಎಂದುಕೊಂಡೆ.

ಹೊರಡುವ ಹಿಂದಿನ ಸಂಜೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಚಾವಿ ಅಲ್ಲಿರಲಿಲ್ಲ. ಕೇಳಿದರೆ ಆದೆಮ್ಮ ತಮ್ಮ ಪುಟ್ಟಿಯ ಕಡೆ ಬೆರಳು ತೋರಿಸಿದಳು. ಕಾವಿಗೆ ಕೂರಿಸುವಾಗ ಗುಡುಗಿಗೆ ತತ್ತಿ ಕೆಡಬಾರದೆಂದು ಒಂದು ತುಂಡು ಇದ್ದಿಲನ್ನೂ ಒಂದು ಕಬ್ಬಿಣದ ವಸ್ತುವನ್ನೂ ತತ್ತಿಗಳ ಕೆಳಗೆ ಇಡುವುದು ನಮ್ಮ ಕಡೆಯ ಪದ್ಧತಿ, ಮತ್ತು ಒಮ್ಮೆ ಇಟ್ಟದ್ದನ್ನು ಮರಿ ಏಳುವವರೆಗೆ, ಅಂದರೆ ಇಪ್ಪತ್ತೊಂದು ದಿನ, ಯಾರೂ ಕದಲಿಸುವಂತಿಲ್ಲ. ಇದೆಲ್ಲ ತಮಗೆ ತಿಳಿದದ್ದೇ. ಕಬ್ಬಿಣ ಅಂದರೆ ನನ್ನ ಚಾವಿಯೇ ಆಗಬೇಕಿತ್ತೇನು ಎಂದೆ. "ಕೈಗೆ ಸಿಕ್ಕಿದ್ದು ಹಾಕೀನ್ರಿ. ಈಗ ತಗದರ ಹದಿಮೂರು ಜೀವದ ಪಾಪ ನಿಮಗ ಬರ್ತದ" ಎಂದು ಹೇಳಿ ಅವಳು ಒಲೆಯ ಕಡೆ ಹೋದಳು. ಆ ದಿನ ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲವೆಂಬುದನ್ನು ದಾಖಲಿಸಲು ಇಚ್ಛಿಸುತ್ತೇನೆ.

ಮಾನ್ಯರೇ, ತಮ್ಮ ಸೇವೆಯನ್ನು ಹೊಗಳದೆ ಮುಂದುವರಿದರೆ ನಾನು ಕೃತಘ್ನನಾಗುತ್ತೇನೆ. ಮೊದಲ ವಾರ ಬೇರೆ ಕೆಲಸವಿಲ್ಲದೆ ತಮ್ಮ ಹಾಜರಾತಿಯನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ದಿನಕ್ಕೊಮ್ಮೆ ಹನ್ನೊಂದೂ ನಲವತ್ತಕ್ಕೆ ಆಸನದಿಂದ ಇಳಿಯುತ್ತೀರಿ, ನಾಲ್ಕು ಕಾಳು ತಿಂದು, ನೀರು ಕುಡಿದು, ಬೂದಿಗುಂಡಿಯಲ್ಲಿ ಹೊರಳಿ, ಹದಿನಾಲ್ಕನೆಯ ನಿಮಿಷಕ್ಕೆ ಮತ್ತೆ ಹತ್ತುತ್ತೀರಿ. ರಜೆ ಇಲ್ಲ, ಭತ್ಯೆ ಇಲ್ಲ, ಬದಲಿ ಇಲ್ಲ. ತಮ್ಮಂಥವರು ಹತ್ತು ಮಂದಿ ಚಾಲಕರಾಗಿದ್ದಿದ್ದರೆ ದೇವದುರ್ಗದ ಜನ ಬಸ್ಸು ನೋಡಿ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಇಷ್ಟಾದರೂ ಒಂದು ಅನುಮಾನ ಉಳಿಯುತ್ತದೆ. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು. ಈ ಊರಿನಲ್ಲಿ ತತ್ತಿಯನ್ನು ಕಟ್ಟೆಯ ಮೇಲಿಟ್ಟು ಮರೆತರೂ ಮರಿ ಎದ್ದು ತಾನಾಗಿಯೇ ನೆರಳು ಹುಡುಕಿಕೊಂಡು ಹೋದೀತು. ಇಂಥಲ್ಲಿ ತಾವು ಮೇಲೆ ಕೂತು ಇನ್ನಷ್ಟು ಶಾಖ ಕೊಡಲೇಬೇಕೆ? ಹಾಗೆ ಕೊಡುವುದೇ ಆದರೆ ಹದಿನಾರು ದಿನಕ್ಕೆ ಮುಗಿಸುವ ಎಕ್ಸ್‌ಪ್ರೆಸ್ ಸೇವೆಯೊಂದನ್ನು ಆರಂಭಿಸಲು ಸಾಧ್ಯವಿರಲಿಲ್ಲವೆ? ಎರಡನೆಯ ಪಾಳಿಗೆ ಹುಂಜನನ್ನು ನೇಮಿಸಬಹುದಿತ್ತು. ಅವನು ಬೆಳಿಗ್ಗೆ ಒಂದು ಸಲ ಹಾರ್ನ್ ಬಾರಿಸಿದ ಮೇಲೆ ದಿನವಿಡೀ ಖಾಲಿ ಇರುತ್ತಾನೆ.

ಇನ್ನು ಬೆರಳಿನ ವಿಚಾರ. ಮೂರನೆಯ ದಿನ ತಾವು ಕಣ್ಣು ಮುಚ್ಚಿದ್ದೀರಿ ಎಂದು ನಂಬಿ, ಚಾವಿ ತೆಗೆದು ಆ ಜಾಗದಲ್ಲಿ ಒಂದು ಬೋಲ್ಟ್ ಇಡುವ ಸದುದ್ದೇಶದಿಂದ ಕೈ ಹಾಕಿದೆ. ತಾವು ತೋರಿದ ತತ್ಪರತೆ ನನಗೆ ಇಂದಿಗೂ ಉಗುರಿನ ಬುಡದಲ್ಲಿ ನೆನಪಿದೆ. ಆಮೇಲೆ ತಮ್ಮ ಹನ್ನೊಂದೂ ನಲವತ್ತರ ವಿರಾಮಕ್ಕೆ ಹೊಂಚು ಹಾಕಿದೆ. ಆ ಹದಿನಾಲ್ಕು ನಿಮಿಷ ಆದೆಮ್ಮ ಅಕ್ಕಿ ಆರಿಸುವ ಮೊರ ಹಿಡಿದು ಪುಟ್ಟಿಯ ಪಕ್ಕದಲ್ಲೇ ಕೂತಿರುತ್ತಿದ್ದಳು. ಕೊನೆಗೆ ರಾಯಚೂರಿಗೆ ಹೋಗಿ ಚಾವಿ ಮಾಡುವ ಅಬ್ದುಲ್ ವಹೀದ್ ಸಾಹೇಬರನ್ನು ಕಂಡೆ. ಅವರು ಕನ್ನಡಕ ಹಣೆಗೇರಿಸಿ, "ನಕಲಿ ಮಾಡಾಕ ಅಸಲಿ ಚಾವಿ ತರ್ರಿ, ಇಲ್ಲಂದ್ರ ಗಾಡಿ ತರ್ರಿ" ಎಂದರು. ಅಸಲಿ ಕೋಳಿಯ ಕೆಳಗಿದೆ, ಗಾಡಿ ಬರಲು ಚಾವಿ ಬೇಕು ಎಂದು ವಿವರಿಸಿದೆ. ಕನ್ನಡಕವನ್ನು ಮತ್ತೆ ಮೂಗಿಗಿಳಿಸಿ, "ಹಂಗಾರ ಕೋಳೀನ ತರ್ರಿ" ಎಂದರು. ಅವರ ಅಂಗಡಿಯಲ್ಲಿದ್ದ ಇನ್ನೊಬ್ಬರು ವೈರ್ ಜೋಡಿಸಿ ಸ್ಟಾರ್ಟ್ ಮಾಡುವ ಉಪಾಯ ಹೇಳಿದರು. ಮೂವತ್ತೊಂದು ವರ್ಷ ಒಂದೂ ಅಪಘಾತವಿಲ್ಲದೆ ಓಡಿಸಿದವನು ತನ್ನದೇ ಗಾಡಿಯನ್ನು ಕಳ್ಳನ ಹಾಗೆ ಓಡಿಸಿಕೊಂಡು ಹೋಗುವುದು ನನಗೆ ಸರಿಕಾಣಲಿಲ್ಲ, ಬಸ್ಸು ಹತ್ತಿ ಮನೆಗೆ ಬಂದೆ.

ಹದಿನೈದನೆಯ ದಿನ ನಡೆದದ್ದು ತಮಗೂ ಗೊತ್ತಿದೆ. ಮಧ್ಯಾಹ್ನ ಮೂರಕ್ಕೆ ಇದ್ದಕ್ಕಿದ್ದಂತೆ ಕಪ್ಪಾಗಿ, ಗಾಳಿ ಎದ್ದು, ತಗಡು ಹಾರುವ ಹಾಗೆ ಗುಡುಗಿತು. ನಾನು ಬೇವಿನ ಕೆಳಗೆ ವ್ಯಾನಿನ ಗಾಜು ಒರೆಸುತ್ತಿದ್ದವನು ಗಾಡಿಯ ಎಲ್ಲ ಕಿಟಕಿಗಳನ್ನೂ ತೆರೆದೇ ಬಿಟ್ಟು ಒಳಗೆ ಓಡಿ, ಮೊಳೆಯಲ್ಲಿದ್ದ ನನ್ನ ಖಾಕಿ ಅಂಗಿಯನ್ನು ಎಳೆದುಕೊಂಡು ತಮ್ಮ ಪುಟ್ಟಿಯ ಸುತ್ತ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಕೂತೆ. ತಾವು ಆ ಹೊತ್ತಿನಲ್ಲೂ ಒಂದು ಸಲ ಕುಕ್ಕಿದಿರಿ. ಚಾವಿ ಅಲ್ಲೇ ಇರಲಿ, ಗಟ್ಟಿಯಾಗಿ ಕೂರು ಎಂದು ನಾನು ತಮಗೆ ಹೇಳಿದೆನಂತೆ. ನನಗೆ ನೆನಪಿಲ್ಲ, ಬಾಗಿಲಲ್ಲಿ ನಿಂತಿದ್ದ ಆದೆಮ್ಮ ಹಾಗೆ ಹೇಳುತ್ತಾಳೆ.

ಮಳೆ ನಿಂತ ಮೇಲೆ ಒದ್ದೆಯಾದ ಸೀಟು ಒರೆಸಲು ಹೋದೆ. ಆದೆಮ್ಮ ಎರಡು ಲೋಟ ಚಹಾ ಹಿಡಿದು ಬಂದು, ಬೀಗ ಬೀಳದ ಆ ಎಡಬಾಗಿಲು ತೆರೆದು, ಮುಂದಿನ ಸೀಟಿನಲ್ಲಿ ಕೂತಳು. ನನ್ನ ಬಸ್ಸಿನಲ್ಲಿ ಅವಳು ಎಷ್ಟೋ ಸಲ ಬಂದಿದ್ದಾಳೆ, ಯಾವಾಗಲೂ ನನ್ನ ಹಿಂದಿನ ಸೀಟು; ನಮ್ಮಿಬ್ಬರ ನಡುವೆ "ಚಾಲಕರೊಂದಿಗೆ ಮಾತನಾಡಬೇಡಿ" ಎಂಬ ಫಲಕ. ಫಲಕವನ್ನು ಅವಳಷ್ಟು ಶ್ರದ್ಧೆಯಿಂದ ಪಾಲಿಸಿದ ಪ್ರಯಾಣಿಕರಿಲ್ಲ. ಅಂದು ಚಹಾ ಕುಡಿಯುತ್ತ ನನಗೆ ಇದ್ದಕ್ಕಿದ್ದಂತೆ ಹೊಳೆಯಿತು: ಚಾವಿ ತೂಗುಹಾಕಿದ್ದ ಮೊಳೆಯೇ ಕಬ್ಬಿಣದ್ದು. ನಾನು ಅಂಗಿ ಎಳೆದುಕೊಂಡ ಮೇಲೂ ಅದು ಗೋಡೆಯಲ್ಲೇ ಇತ್ತು. ಕಬ್ಬಿಣ ಬೇಕಾದವಳು ಮೊಳೆಯನ್ನು ಬಿಟ್ಟು ಅದಕ್ಕೆ ನೇತುಬಿದ್ದಿದ್ದನ್ನು ಒಯ್ದಿದ್ದಳು. ಕೇಳಿದೆ.

"ಹೌದ್ರಿ, ಬೇಕಂತ ಹಾಕೀನಿ" ಎಂದಳು. "ಮೂವತ್ತೊಂದು ವರ್ಷ ಹಿಂದ ಕುಂತು ನಿಮ್ಮ ಹೆಡಕ ನೋಡೀನಿ. ಸಮುದ್ರ ನೋಡಾಕ ಇಪ್ಪತ್ತು ಮಿನಿಟು ಬರದೀರಿ. ನಾ ಏನು ಅಲ್ಲಿ ಟಿಕೆಟ್ ಚೆಕ್ ಮಾಡಾಕ ಹೊಂಟೀನೇನು?"

ನಾಚಿಕೆಯಾಯಿತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ, ಹೇಗೂ ಇದು ಬಹಿರಂಗ ಪತ್ರ. ಅಂದಿನಿಂದ ದಿನವೂ ಸಂಜೆ ಚಹಾ ಹಿಡಿದು ಇಬ್ಬರೂ ನಿಂತ ವ್ಯಾನಿನಲ್ಲಿ ಕೂರುತ್ತೇವೆ. ನಾನು ಸ್ಟೇರಿಂಗ್ ಹಿಡಿದು ಈಗ ಮಧುರೆ, ಈಗ ಮಂಗಳೂರು ಎನ್ನುತ್ತೇನೆ, ಅವಳು ಗಾಡಿ ನಿಲ್ಲಿಸಿರಿ, ಆ ಅಂಗಡಿಯಲ್ಲಿ ಬಳೆ ನೋಡಬೇಕು ಎನ್ನುತ್ತಾಳೆ, ನಾನು ನಿಲ್ಲಿಸುತ್ತೇನೆ. ಪಕ್ಕದ ಮನೆಯ ಮುದುಕಮ್ಮ ಮೊದಲ ದಿನ ನಮ್ಮನ್ನು ನೋಡಿ ಗಾಬರಿಯಾಗಿದ್ದವಳು ಈಗ ತಾನೂ ಹಿಂದಿನ ಸೀಟಿನಲ್ಲಿ ಕೂತು ತೆಂಕಾಸಿಯವರೆಗೆ ಬಂದು ಇಳಿದು ಹೋಗುತ್ತಾಳೆ. ನಾವು ಊರಲ್ಲಿಲ್ಲದಾಗ ತಮ್ಮನ್ನೂ ಮರಿಗಳನ್ನೂ ನೋಡಿಕೊಳ್ಳುವ ಹೊಣೆಯನ್ನು ಅವಳೇ ಹೊತ್ತಿದ್ದಾಳೆ.

ಆದಕಾರಣ, ಹದಿನಾರು ದಿನದ ಎಕ್ಸ್‌ಪ್ರೆಸ್ ಸೇವೆಯ ಕುರಿತ ನನ್ನ ಮೇಲಿನ ಮನವಿಯನ್ನು ಹಿಂಪಡೆಯುತ್ತಿದ್ದೇನೆ. ತಾವು ಇಪ್ಪತ್ತೊಂದು ದಿನವನ್ನೂ ಪೂರ್ತಿ ಕೂರಬೇಕು, ಬೇಕಿದ್ದರೆ ಒಂದು ದಿನ ಹೆಚ್ಚಿಗೆ ಕೂರಬಹುದು, ನನ್ನ ಅಭ್ಯಂತರವಿಲ್ಲ. ಮೂರೂ ಪ್ರತಿಗಳಲ್ಲಿ ಹನ್ನೊಂದನೆಯ ದಿನದ ಸಾಲನ್ನು ಹೊಡೆದುಹಾಕಿ ತಿದ್ದಿ ಬರೆದಿದ್ದೇನೆ, ಆದೆಮ್ಮನ ಪ್ರತಿಯನ್ನು ಹಿಟ್ಟಿನ ಡಬ್ಬಿಯ ಕೆಳಗಿನಿಂದ ನಾನೇ ತೆಗೆದು ತಿದ್ದಿ ಅಲ್ಲೇ ಇಟ್ಟಿದ್ದೇನೆ. ಅದು ಈಗ ಹೀಗಿದೆ: ಕನ್ಯಾಕುಮಾರಿ. ತಲುಪುವ ವೇಳೆ, ತಲುಪಿದಾಗ. ಬಿಡುವ ವೇಳೆ, ಆದೆಮ್ಮ ಸಾಕು ಎಂದಾಗ.

ತಮ್ಮ ಕೊಕ್ಕಿಗೆ ಸದಾ ಬೆದರುವ,
ತಮ್ಮ ವಿಶ್ವಾಸಿ,
ಪಕೀರಪ್ಪ, ನಿವೃತ್ತ ಚಾಲಕ

ತಾ.ಕ.: ಚಾವಿ ತೂಗುಹಾಕುತ್ತಿದ್ದ ಮೊಳೆಯನ್ನು ಗೋಡೆಯಿಂದ ಕಿತ್ತು ಈ ಪತ್ರದ ಜೊತೆ ಲಗತ್ತಿಸಿದ್ದೇನೆ; ಮುಂದೆ ಈ ಮನೆಯ ಯಾವುದೇ ಕಾವಿಗೆ ಇದನ್ನೇ ಬಳಸತಕ್ಕದ್ದು. ಇದನ್ನು ಬರೆಯಲು ಕಾರಣವಿದೆ. ತಮ್ಮ ತಂಗಿ ಕೆಂಪು ಹೇಂಟೆಯವರು ನಿನ್ನೆಯಿಂದ ಗುರುಗುಟ್ಟುತ್ತ ಕಾವಿಗೆ ಕೂರಲು ಮೂಲೆ ಹುಡುಕುತ್ತಿದ್ದಾರೆ, ಮತ್ತು ಇಂದು ಬೆಳಗಿನಿಂದ ವ್ಯಾನಿನ ಚಕ್ರ ಬಿಚ್ಚುವ ಪಾನಾ ಕಾಣುತ್ತಿಲ್ಲ. ವೇಳಾಪಟ್ಟಿಯಲ್ಲಿ ಇನ್ನೂ ಹಾಗೆಯೇ ಉಳಿದಿದ್ದ, ಬೆಳಗಿನ ನಾಲ್ಕೂ ಹದಿನೈದಕ್ಕೆ ಹೊರಡುವ ಸಾಲು ಯಾರಿಗೋ ಒಪ್ಪಿಗೆಯಿಲ್ಲವೆಂದು ಇದರಿಂದ ತಿಳಿದುಕೊಂಡಿದ್ದೇನೆ. ಆ ಸಾಲನ್ನೂ ಹೊಡೆದುಹಾಕಿದ್ದೇನೆ, ಎದ್ದಾಗ ಹೊರಡೋಣ. ಪಾನಾ ಸಂಜೆಯ ಚಹಾದ ಹೊತ್ತಿಗೆ ವ್ಯಾನಿನೊಳಗೆ ಬಂದರೆ ಸಾಕು.