ಮಾವನ ಸೊಟ್ಟ ಕಿಟಕಿ

ನನ್ನ ಸೋದರಮಾವ ಸರಕಾರವನ್ನು ನಂಬಿದಷ್ಟು ಸರಕಾರ ಕೂಡ ತನ್ನನ್ನು ತಾನು ನಂಬಿರಲಿಕ್ಕಿಲ್ಲ! ನಿವೃತ್ತ ಸಾಲಿ ಮಾಸ್ತರ. ತೊರಗಲ್ಲಿನ ಕೋಟೆಯೊಳಗೆ ಅವನದು ಹಳೆಯ ಕಲ್ಲಿನ ಮನೆ. ಎಪ್ಪತ್ತರ ದಶಕದಲ್ಲಿ ಅಲ್ಲಿ ನೀಲಿ ಬೋರ್ಡೊಂದು ನಿಂತಿತು: ಪುರಾತತ್ವ ಇಲಾಖೆಯ ಪರವಾನಿಗೆಯಿಲ್ಲದೆ ಕೋಟೆಯೊಳಗಿನ ಹಳೆಯ ಕಟ್ಟಡಗಳಲ್ಲಿ ಏನನ್ನೂ ಬದಲಿಸಕೂಡದು. ಊರಿನವರು ಬೋರ್ಡಿಗೆ ಎಮ್ಮೆ ಕಟ್ಟಿದರು. ಮಾವ ಅದನ್ನು ಬಾಯಿಪಾಠ ಮಾಡಿದ.

ಅವತ್ತಿನಿಂದ ಅರ್ಜಿಗಳು ಶುರು. ಸುಣ್ಣ ಹಚ್ಚಲು ಅರ್ಜಿ. ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿ ಕೀಳಲು ಅರ್ಜಿ. ಉತ್ತರ ಬರುವಷ್ಟರಲ್ಲಿ ಸಸಿಯ ನೆರಳಿನಲ್ಲಿ ನೆರೆಮನೆಯ ಆಡು ಮಲಗಿತ್ತು!

"ನನ್ನ ಮದಿವಿ ಆಗಬೇಕಾದ್ರ ಯಾವ ಇಲಾಖೆಗೆ ಅರ್ಜಿ ಹಾಕಿದ್ರಿ?" ಎಂದಳು ಅತ್ತೆ ಒಮ್ಮೆ.

"ಆವಾಗ ಬೋರ್ಡು ಇದ್ದಿದ್ದಿಲ್ಲ" ಎಂದ ಮಾವ.

ತೊಂದರೆ ಶುರುವಾದದ್ದು ಪಡಸಾಲೆಯ ಕಿಟಕಿಯಿಂದ. ಅತ್ತೆಗೆ ದಮ್ಮು. ಒಳಕೋಣೆಯಲ್ಲಿ ಉಸಿರು ಕಟ್ಟುತ್ತದೆಂದು ಅವಳ ಹಾಸಿಗೆ ಆ ಕಿಟಕಿಯ ಕೆಳಗೇ ಇತ್ತು. ಗೆದ್ದಲು ತಿಂದ ಚೌಕಟ್ಟು ಕೈಯಿಟ್ಟರೆ ಉದುರುತ್ತಿತ್ತು. ಆಷಾಢದ ಗಾಳಿಮಳೆಗೆ ಅವಳ ಗತಿಯೇನು? ಬೈಲಹೊಂಗಲದಿಂದ ಹೋದಾಗಲೆಲ್ಲ ನಾನು ಜಗಳ ತೆಗೆಯುತ್ತಿದ್ದೆ.

"ಮಾವಾ, ಹೊಸಾ ಕಿಡಕಿ ಹಚ್ಚಿಸಿಬಿಡು. ಯಾರ್ ನೋಡ್ತಾರ?"

"ನಾ ನೋಡ್ತೇನಲ್ಲೋ!"

ಕೊನೆಗೂ ಪರವಾನಿಗೆ ಬಂತು. ಕಿಟಕಿ ಬದಲಿಸಬಹುದು, ಆದರೆ ಮೊದಲಿನಂತೆಯೇ ಇರಬೇಕು. ಕಲ್ಲು ಕೆತ್ತಕೂಡದು, ಗೋಡೆಗೆ ಮೊಳೆ ಹೊಡೆಯಕೂಡದು. ರಾಮದುರ್ಗದ ಬಡಿಗ ಅಳತೆ ಒಯ್ದು, ಸಾಗವಾನಿಯ ಚಂದದ ಕಿಟಕಿ ತಂದ. ಹಳೆಯದು ಕೀಳುವಾಗಲೇ ಪುಡಿಪುಡಿಯಾಯಿತು. ಹೊಸದನ್ನು ಕೂರಿಸಹೋದರೆ ಅದು ಕೂರಲೊಲ್ಲದು! ಗೋಡೆ ಎಂದೋ ಎಡಕ್ಕೆ ಕುಸಿದು ಕಿಟಕಿ ಕೂರುವ ಕಂಡಿಯೇ ಸೊಟ್ಟಗಾಗಿತ್ತು. ಹಳೆಯ ಕಿಟಕಿಯೂ ಅದರ ಜೊತೆಗೇ ವಾಲಿಕೊಂಡಿತ್ತು. ಬಡಿಗ ಉಳಿ ಎತ್ತಿದ.

"ಮಾಸ್ತರ್ರ, ಎರಡ ಬೆರಳ ಕಲ್ಲ ಕೆತ್ತಿದ್ರ ಮುಗೀತ್ರಿ."

"ಕಲ್ಲಿಗೆ ಕೈ ಹಚ್ಚಿ ನೋಡು! ಕಿಡಕೀನ ಸೊಟ್ಟ ಮಾಡ್ಕೊಂಡು ಬಾ."

"ಮೂವತ್ತ ವರ್ಷ ಆತ್ರಿ ಈ ಕೆಲಸಕ್ಕ. ಬೇಕಂತ ಸೊಟ್ಟ ಮಾಡೂದು ಕಲ್ತಿಲ್ರಿ."

"ಹಂಗಾರ ಇವತ್ತ ಕಲಿ!"

ನಾಲ್ಕು ದಿನ ಬೇಕೆಂದು ಗೊಣಗುತ್ತ ಬಡಿಗ ಕಿಟಕಿಯನ್ನು ಬಸ್ಸಿನ ಮೇಲೆ ಹೇರಿಕೊಂಡು ಹೋದ. ನಾನೂ ಬೈಲಹೊಂಗಲಕ್ಕೆ ಮರಳಿದೆ. ಮರುದಿನವೇ ಮಳೆ ಹಿಡಿಯಿತು, ಬಿಡಲೇ ಇಲ್ಲ. ಮೂರನೆಯ ದಿನ ಜೀವ ತಡೆಯದೆ, ಕಂಡಿಗೆ ಮಳೆ ತಡೆಯಲೆಂದು ತಾಡಪತ್ರಿ ಹಿಡಿದು ತೊರಗಲ್ಲಿಗೆ ಹೊರಟೆ. ಮಾವನನ್ನು ಬೈಯಲು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ. ಅವನು ಒಂದು ಮೊಳೆಯನ್ನೂ ಹೊಡೆದಿರುವುದಿಲ್ಲ, ಗೋಣಿಚೀಲವನ್ನೂ ಕಟ್ಟಿರುವುದಿಲ್ಲ, ನನಗೆ ಗೊತ್ತಿಲ್ಲವೇ!

ಓಣಿ ತಿರುಗಿದೆ. ಕಿಟಕಿಯ ಕಂಡಿಯಲ್ಲಿ ಮಾವ ಕಂಬಳಿ ಹೊದ್ದು, ಬೀದಿಗೆ ಬೆನ್ನು ಮಾಡಿ, ಕಂಡಿ ತುಂಬುವ ಹಾಗೆ ಕುಳಿತಿದ್ದ. ಕಂಬಳಿಯಿಂದ ನೀರು ಇಳಿಯುತ್ತಿತ್ತು. ಅಡಿಗೆಗೆ, ಸಂಧ್ಯಾವಂದನೆಗೆ ಬಿಟ್ಟರೆ ಮೂರು ದಿನದಿಂದ ಅಲ್ಲಿಂದ ಇಳಿದಿಲ್ಲವೆಂದು ಎದುರುಮನೆಯವರು ಹೇಳಿದರು. ಅವನ ಪಕ್ಕದ ಸಂದಿಯಿಂದ ಇಣುಕಿದೆ: ಒಳಗೆ ಒಣ ಹಾಸಿಗೆಯಲ್ಲಿ ಅತ್ತೆ ಮಲಗಿದ್ದಳು. ಅವಳು ನಿದ್ದೆಯಲ್ಲೇ ಕೆಮ್ಮಿದಳು. ಮಾವ ಒಂದು ಭುಜವನ್ನು ಓರೆ ಮಾಡಿ ಅಷ್ಟು ಗಾಳಿ ಒಳಗೆ ಬಿಟ್ಟ, ಮತ್ತೆ ಮುಚ್ಚಿದ.

"ಮಾವಾ, ಇದೇನ್ ಮಾಡ್ಲಿಕ್ಕೆ ಹತ್ತೀ?"

"ಸಾವಕಾಶ ಮಾತಾಡೋ, ಈಗಷ್ಟ ನಿದ್ದಿ ಹತ್ಯದ ಆಕಿಗೆ" ಎಂದ, ಹಲ್ಲು ಕಟಕಟಿಸುತ್ತ. "ಮೊಳಿ ಹೊಡೀಬಾರ್ದು ಅಂದಾರ. ಗಂಡ ಕುಂಡ್ರಬಾರ್ದು ಅಂತ ಎಲ್ಲೂ ಬರದಿಲ್ಲ."

ತಾಡಪತ್ರಿ ಬಿಚ್ಚಿ, ಎರಡೂ ಕೈಯಿಂದ ಅವನ ತಲೆಯ ಮೇಲೆ ಹಿಡಿದುಕೊಂಡು ಮಳೆಯಲ್ಲಿ ನಿಂತೆ.