ಮೀನಿಗೆ ಬೆಣ್ಣೆ ಹಾಕಿದವನು

ಕಾಯಿಲೆ ಇರುವ ಮನೆಗೆ ನಗು ಬರಬಾರದು ಅಂತೇನೂ ಇಲ್ಲ. ನಮ್ಮ ಮನೆಗಂತೂ ಅದು ಕರೆಯದೇ ಬರುತ್ತಿತ್ತು, ಅದೂ ಅಡುಗೆಮನೆ ಕಡೆಯಿಂದಲೇ. ನನ್ನ ಹೆಂಡತಿ ತೀರಿಕೊಂಡ ಮೇಲೂ ಒಂದು ಸಲ ಬಂತು.

ನಾನು ಮದ್ದೂರಿನವನು, ಬಸ್ ಓಡಿಸಿ ರಿಟೈರಾದವನು. ಸ್ಟೇರಿಂಗ್ ಹಿಡಿದ ಕೈ ಸೌಟು ಹಿಡಿದದ್ದೇ ಇಲ್ಲ. ಅಡುಗೆಮನೆ ಅವಳ ರಾಜ್ಯ. ಅವಳ ಮೀನು ಸಾರು ಕುದಿಯುತ್ತಿದ್ದರೆ ಬೀದಿಯವರೆಲ್ಲ ಸೀನುತ್ತಿದ್ದರು. ಅಂಥವಳ ಗಂಟಲಿಗೇ ಗಡ್ಡೆ ಬಂತು. ಕರೆಂಟು ಕೊಡಿಸಿದೆವು, ಕ್ಯಾನ್ಸರಿನ ರೇಡಿಯೇಷನ್ನಿಗೆ ನಮ್ಮ ಕಡೆ ಹಾಗೇ ಅನ್ನುವುದು. ಬಾಯೆಲ್ಲ ಹುಣ್ಣಾಗಿ ಖಾರ, ಹುಳಿ ಎರಡೂ ನಿಂತವು. "ತೂಕ ಇಳೀಬಾರದು. ಮೆತ್ತಗಿನ ಬಿಳಿ ಮೀನು, ಬೇಯಿಸಿದ ತರಕಾರಿ, ಮೇಲೆ ಬೆಣ್ಣೆ ಕೊಡಿ" ಎಂದರು ಮಂಡ್ಯದ ಡಾಕ್ಟರು. ಮಳವಳ್ಳಿಗೆ ಕೊಟ್ಟಿರುವ ಮಗಳು ಅದನ್ನು ಮಾಡುವ ಒಂದು ವಿಡಿಯೋ ಫೋನಿಗೆ ಕಳಿಸಿದಳು. ನನ್ನವಳು ಉಣ್ಣಬೇಕು, ಅಷ್ಟೇ ಆಗ ನನಗೆ ಬೇಕಾಗಿದ್ದದ್ದು.

ಮೀನಿನವನು

ಕೆರೆ ಏರಿಯ ಮೇಲೆ ಮೀನು ಮಾರುವವನ ಹತ್ತಿರ ಹೋಗಿ ಜಿಲೇಬಿ ಮೀನು ಕೇಳಿದೆ. "ತಲೆ ಬೇಡ, ಚರ್ಮ ಬೇಡ, ಮುಳ್ಳು ಒಂದೂ ಇರಬಾರದು" ಅಂದೆ.

"ಅವೆಲ್ಲ ತೆಗುದ್ರೆ ಉಳಿಯೋದು ಈ ಕವರ್ ಒಂದೇ ಕಣಣ್ಣ" ಅಂದ. ಸುತ್ತ ನಿಂತವರು ನಕ್ಕರು. ಯಾರಿಗೆ ಅಂತ ಹೇಳಿದೆ. ಅವನು ಗಿರಾಕಿಗಳನ್ನು ಕಾಯಿಸಿ, ಬೆರಳಲ್ಲಿ ತಡವಿ ತಡವಿ ಮುಳ್ಳು ತೆಗೆದ. ನನ್ನವಳು ಯಾವತ್ತೂ ಅವನ ಜೊತೆ ಜಗಳವಾಡಿ ಒಂದು ತಲೆ ಹೆಚ್ಚಿಗೆ ಹಾಕಿಸಿಕೊಂಡು ಬರುತ್ತಿದ್ದವಳು.

"ತಲೆ ನನ್ತಾವೇ ಇರ್ಲಿ" ಅಂದ. "ಅಕ್ಕ ಉಸಾರಾದ್ಮೇಲೆ ಬಂದು ನಂಗೆ ಬೋದು ಇಸ್ಕೊಂಡೋಗ್ಲಿ. ನೀನ್ ಬೋದ್ರೆ ನಂಗೆ ಯಾಪಾರ ಅಂತ ಅನ್ಸಾಕಿಲ್ಲ."

ಬೆಣ್ಣೆಯವಳು

ಪಕ್ಕದ ಮನೆಯಲ್ಲಿ ಹಸು ಇದೆ. ಬೆಣ್ಣೆ ಕೇಳಲು ಹೋದವನು ಸುಮ್ಮನೆ ತರಬೇಕಿತ್ತು, ಮೀನಿಗೆ ಅಂತ ಬಾಯಿಬಿಟ್ಟೆ. ಆ ಹೆಂಗಸು ಬೆಣ್ಣೆ ಬಟ್ಟಲನ್ನು ಸೆರಗಿನೊಳಗೆ ಇಟ್ಟುಕೊಂಡು ನನ್ನ ಹಿಂದೆಯೇ ನಮ್ಮ ಮನೆಗೆ ಬಂದಳು.

"ಮೀನ್ಗೆ ಬೆಣ್ಣೆ ಆಕ್ತಾನಂತಲ್ಲ ಕಣಕ್ಕ ನಿನ್ ಗಂಡ! ಮೀನೂ ಹಾಲೂ ಕೂಡ್ಸಿದ್ರೆ ಮೈಮ್ಯಾಲೆ ಬೆಳ್ಳಗೆ ತೊನ್ನು ಬತ್ತದೆ!"

ಮಲಗಿದ್ದ ನನ್ನವಳು ಸೆರಗು ಸರಿಸಿ ಕತ್ತು ತೋರಿಸಿದಳು. ರೇಡಿಯೇಷನ್ ಬಿದ್ದ ಜಾಗ ಸುಟ್ಟ ಹಂಚಿನ ಹಾಗಿತ್ತು.

"ಇಷ್ಟು ಕರ್ರಗಾಗದೆ. ಒಸಿ ಬೆಳ್ಳಗಾದ್ರೆ ಲಾಭ್ವೇ ಅಲ್ವಾ, ಮಡುಗೋಗಮ್ಮಿ."

ಬಂದವಳು ನಗುವುದೋ ಅಳುವುದೋ ತಿಳಿಯದೆ ಬಟ್ಟಲು ಇಟ್ಟು ಹೋದಳು. ಆಮೇಲೆ ಬೆಣ್ಣೆ ಕೇಳದೆಯೇ ಬರುತ್ತಿತ್ತು.

ಮೊದಲ ಮೀನು

ವಿಡಿಯೋದಲ್ಲಿ ಹೆಂಗಸು ಮೀನನ್ನು ಒಮ್ಮೆ ಮಾತ್ರ ತಿರುಗಿಸಿದಳು. ನನಗೆ ತಾಳ್ಮೆ ಎಲ್ಲಿ? ಮೂರು ಸಲ ತಿರುಗಿಸಿದೆ. ಮೀನು ಅರ್ಧ ತವಾದಲ್ಲಿ, ಅರ್ಧ ಸೌಟಿನಲ್ಲಿ. ಬೀನ್ಸು, ಕ್ಯಾರೆಟ್ಟು, ನವಿಲುಕೋಸು ಬೇಯಿಸಿ ಪಕ್ಕಕ್ಕಿಟ್ಟೆ. ಬೆಣ್ಣೆ ಕರಗಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ತರಕಾರಿ ಬೆಂದ ನೀರು ಬೆರೆಸಿ ಗೊಜ್ಜಿನ ಹಾಗೆ ಮೇಲೆ ಸುರಿದೆ.

ಅವಳು ಒಂದೊಂದೇ ತುತ್ತು ನುಂಗಿದಳು. ನುಂಗುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ನೋವಿಗೆ. ತಟ್ಟೆ ಖಾಲಿಯಾಯಿತು.

"ಚೆನ್ನಾಗದೆ ಕಣಯ್ಯ" ಅಂದಳು.

ಮದುವೆಯಾದಂದಿನಿಂದ ನಾನು ತಂದ ತರಕಾರಿ, ಉಟ್ಟ ಬಟ್ಟೆ, ಓಡಿಸಿದ ಬಸ್ಸು ಯಾವುದನ್ನೂ ಚೆನ್ನಾಗಿದೆ ಅಂದವಳಲ್ಲ. ಹಿಗ್ಗಿಹೋದೆ. ಆಮೇಲೆ ತವಾದಲ್ಲಿ ಉಳಿದ ಚೂರು ಬಾಯಿಗೆ ಹಾಕಿಕೊಂಡರೆ, ಉಪ್ಪೇ ಹಾಕಿರಲಿಲ್ಲ.

ಅವಳ ಅಕ್ಕ

ಹನಕೆರೆಯಿಂದ ಅವಳ ಅಕ್ಕ ನೋಡಲು ಬಂದಳು. ಅಷ್ಟರಲ್ಲಿ ನನ್ನ ಕೈ ಪಳಗಿತ್ತು, ಉಪ್ಪೂ ಬೀಳುತ್ತಿತ್ತು. ಅಕ್ಕ ಒಂದು ತುಂಡು ಬಾಯಿಗಿಟ್ಟು ನಿಂತುಬಿಟ್ಟಳು. ಉಗುಳಲು ಜಾಗ ಹುಡುಕುತ್ತಿದ್ದಳು.

"ಇದ್ನ ದಿನಾ ಎಂಗಮ್ಮಿ ತಿಂತೀಯೆ?"

"ನಂಗೆ ನಾಲ್ಗೇಲಿ ರುಚಿನೇ ಇಲ್ವಲ್ಲಕ್ಕ" ಅಂದಳು ನನ್ನವಳು. "ನೋಡು, ದೇವ್ರು ಎಲ್ಲಾನೂ ಯೋಚ್ನೆ ಮಾಡಿಯೇ ಮಾಡವ್ನೆ."

ಮೂವರೂ ನಕ್ಕೆವು. ಅವಳ ನಗುವಿಗೆ ದನಿ ಬರುತ್ತಿರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಅಕ್ಕ ಹೋದ ಮೇಲೆ ನನ್ನ ಕೈ ಹಿಡಿದು, "ಅವ್ಳಿಗಂತ ಅಂಗಂದೆ ಕಣಯ್ಯ, ನಿಜ್ವಾಗ್ಲೂ ಚೆನ್ನಾಗದೆ" ಅಂದಳು. ಕೊನೆಯ ದಿನಗಳಲ್ಲಿ ಒಂದು ತುತ್ತು ಇಳಿಯದಿದ್ದಾಗಲೂ ತಟ್ಟೆ ನೋಡಿ ಅದನ್ನೇ ಅನ್ನುತ್ತಿದ್ದಳು.

ಎಡೆ

ಪಿತೃಪಕ್ಷ ಬಂತು. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡಬೇಕು, ಕಾಗೆ ಮುಟ್ಟಿದರೆ ಅವರೇ ಉಂಡ ಹಾಗೆ. ಅಕ್ಕ ಬಂದು, ತಂಗಿಯದೇ ಪಾತ್ರೆಯಲ್ಲಿ, ತಲೆಗಳನ್ನೇ ಹಾಕಿ ಕೆಂಪಗೆ ಮೀನು ಸಾರು ಮಾಡಿದಳು. ತಲೆ ಕೊಟ್ಟವನು ಮೀನಿನವನೇ, ಕೇಳದೆ.

ನಾನೂ ತವಾ ಇಟ್ಟೆ. ಬೆಣ್ಣೆ ಮೀನು, ಪಕ್ಕದಲ್ಲಿ ಬೀನ್ಸು, ಕ್ಯಾರೆಟ್ಟು. ಒಮ್ಮೆ ಮಾತ್ರ ತಿರುಗಿಸಿದೆ. ಮೀನು ಒಡೆಯಲಿಲ್ಲ.

"ಅಲ್ಲ ಕಣಪ್ಪ, ಸತ್ಮೇಲೂ ಬುಡಾಕಿಲ್ವಾ ಅವ್ಳ?" ಅಂದಳು ಅಕ್ಕ.

"ಅವ್ಳೇ ಚೆನ್ನಾಗದೆ ಅಂತಿದ್ಲಲ್ಲ" ಅಂದೆ.

ತಾರಸಿಯ ಮೇಲೆ ಎಲೆ ಇಟ್ಟು ದೂರ ನಿಂತೆವು. ಅಕ್ಕ, ಮಗಳು, ಪಕ್ಕದ ಮನೆಯವಳು, ನಾನು. ಕಾಗೆ ಬಂತು. ನೇರವಾಗಿ ನನ್ನ ಬೆಣ್ಣೆ ಮೀನಿನ ಹತ್ತಿರವೇ ಹೋಯಿತು. ಒಂದು ಚೂರು ಕುಕ್ಕಿತು, ನಿಂತಿತು, ಉಗುಳಿತು. ಕೊಕ್ಕನ್ನು ಗೋಡೆಗೆ ಆ ಕಡೆ ಈ ಕಡೆ ಒರೆಸಿಕೊಂಡಿತು. ಆಮೇಲೆ ಸಾರಿನ ತಲೆಗೆ ಬಾಯಿ ಹಾಕಿದ್ದು ತೆಗೆಯಲೇ ಇಲ್ಲ.

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮೊದಲು ನಕ್ಕವನು ನಾನೇ. ನಗುತ್ತಾ ನಗುತ್ತಾ ಅಲ್ಲೇ ಕುಳಿತುಬಿಟ್ಟೆ, ಕಣ್ಣೀರು ನಿಲ್ಲಲಿಲ್ಲ.

"ಆಗ್ಲೇ ಹೇಳ್ಬಾರ್ದಿತ್ತಾ ಅಮ್ಮಿ" ಅಂದೆ ಕಾಗೆಗೆ. "ನನ್ ಮಕ ನೋಡ್ಕಂಡು ಅಷ್ಟು ದಿನ ಅದ್ನೇ ತಿಂದ್ಯಲ್ಲ."