ಟ್ಯಾಗಪ್ಪನ ಶಾಂತಿ

ಸೋಮವಾರ ಟ್ಯಾಗಪ್ಪ ಪಟ್ಟ ಪಾಡಿಗೆಲ್ಲ ಭಾನುವಾರ ಅವನು ತೋರಿದ ಉದಾರಬುದ್ಧಿಯೇ ಕಾರಣ. ತನ್ನ ಮೊಬೈಲಿನ ಹಾಡಿನ ಭಂಡಾರಕ್ಕೆ ಮನೆಯವರನ್ನೂ ಸೇರಿಸಿಕೊಂಡು, 'ಕೇಳಲು ಮಾತ್ರ' ಎಂದು ಬಿಟ್ಟಿದ್ದರೆ ಸಾಕಿತ್ತು. ಹೆಂಡತಿಯೂ ಅತ್ತೆಯೂ ತನ್ನ ಜಾಣ್ಮೆಯನ್ನು ಒಳಹೊಕ್ಕು ನೋಡಲಿ ಎಂಬ ಆಸೆಯಿಂದ 'ತಿದ್ದಲೂಬಹುದು' ಎಂಬುದನ್ನು ಒತ್ತಿಬಿಟ್ಟ.

ಅದು ಅಂತಿಂಥ ಭಂಡಾರವಲ್ಲ. ಸಾವಿರಾರು ಹಾಡುಗಳಿಗೆ ಅವನು ಒಂದೊಂದಾಗಿ ಟ್ಯಾಗು ಅಂಟಿಸಿದ್ದ. ಪ್ರಕಾರಕ್ಕೊಂದು, ಮೂಡಿಗೊಂದು. ಬರೀ 'ದುಃಖ' ಎಂದರೆ ಅವನಿಗೆ ತೃಪ್ತಿಯಿಲ್ಲ. 'ಕಾರಣವಿರುವ ದುಃಖ', 'ಊಟವಾದ ಮೇಲಿನ ದುಃಖ' ಎಂದು ಅದರಲ್ಲೇ ಒಳಭೇದಗಳು. ಈ ಚಟ ನೋಡಿಯೇ ಹಲ್ಲಿನ ಆಸ್ಪತ್ರೆಯ ಸಿಸ್ಟರು ಅವನಿಗೆ ಆ ಹೆಸರಿಟ್ಟಿದ್ದು. ಅಲ್ಲಿ ಹೊರಗಿನ ಮೇಜಿನ ಹಿಂದೆ ಕೂತು ರೋಗಿಗಳ ಸರದಿ ನೋಡಿಕೊಳ್ಳುವುದು ಅವನ ಕೆಲಸ. ಮೇಜಿನ ಮೇಲೆ ಸ್ಪೀಕರು, ಸ್ಪೀಕರಿಗೆ ಅವನ ಮೊಬೈಲು. ಮನೆಯಲ್ಲಿ ಕಿಟಕಿಯ ಪರದೆಯಿಂದ ಹಿಡಿದು ಅವನ ಮೈಮೇಲಿನ ಅಂಗಿಯವರೆಗೆ ಯಾವುದರಲ್ಲೂ ಅವನ ಮಾತು ನಡೆಯುತ್ತಿರಲಿಲ್ಲ. ಕಾಯುವ ಕೋಣೆಯಲ್ಲಿ ಯಾವ ಹಾಡು ಎಂಬ ಒಂದೇ ವಿಷಯದಲ್ಲಿ ಅವನು ಚಕ್ರವರ್ತಿ.

ಆ ಪಟ್ಟಕ್ಕೇ ಸೋಮವಾರ ಬೆಳಿಗ್ಗೆ ಸಂಚಕಾರ ಬಂತು. ಡ್ರೈವಿಂಗ್ ಸ್ಕೂಲಿನ ಯಜಮಾನರು ದವಡೆಹಲ್ಲು ಕೀಳಿಸಿಕೊಳ್ಳಲು ಮೂರು ಸಲ ಬಂದು, ಮೂರು ಸಲವೂ ಒಳಗಿನ ಮಷೀನಿನ ಸದ್ದು ಕೇಳಿ ಓಟ ಕಿತ್ತಿದ್ದರು. ಇವತ್ತು ಮತ್ತೆ ಬರುವವರಿದ್ದರು.

"ನಿನ್ನ ಕೊಳಲಿನ ಮೇಲೆ ನನಗೆ ನಂಬಿಕೆ ಹೊರಟುಹೋಗಿದೆ ಕಣಪ್ಪಾ," ಎಂದರು ಡಾಕ್ಟರು ಕೈಗವಸು ಎಳೆದುಕೊಳ್ಳುತ್ತ. "ಇವತ್ತೂ ಅವರು ಎದ್ದು ಓಡಿದ್ರೆ ಸಂಜೆ ಗೋಡೆಗೆ ಟಿವಿ ಹಾಕಿಸ್ತೀನಿ. ಹಾಡು ಬಂದ್."

"ಡಾಕ್ಟ್ರೇ, 'ಶಾಂತಿ' ಅಂತ ಒಂದು ಪಟ್ಟಿ ಮಾಡಿದೀನಿ. ಕೇಳಿದ್ರೆ ಹುಲಿ ಕೂಡ ತಾನಾಗೇ ಬಾಯಿ ತೆಗೆದು ಕೂತ್ಕೊಳ್ಳುತ್ತೆ," ಎಂದು ಟ್ಯಾಗಪ್ಪ ಎದೆಯುಬ್ಬಿಸಿ ಹೇಳಿ ಗುಂಡಿ ಒತ್ತಿದ.

ಮೊದಲು ಕೊಳಲು ಬಂತು. ಕಾಯುತ್ತಿದ್ದವರ ಕಣ್ಣು ಮೆಲ್ಲಗೆ ಎಳೆಯತೊಡಗಿತು. ಹಿಂದೆಯೇ ಕೋಣೆ ಬಿರಿಯುವ ಹಾಗೆ ಡೋಲು ಬಡಿಯಿತು. ಒಂದಲ್ಲ, ಒಂದು ದಂಡು ಡೋಲು, ಜತೆಗೆ ತುತ್ತೂರಿ, ನಡುನಡುವೆ ಯಾರೋ ಹೋ ಎಂದು ಅರಚುವುದು. ಕೆನ್ನೆ ಊದಿಸಿಕೊಂಡು ಕೂತಿದ್ದ ದರ್ಜಿಯೊಬ್ಬರು ಬೆಚ್ಚಿಬಿದ್ದು, ಕೈಲಿದ್ದ ಐಸಿನ ಚೀಲವನ್ನು ಪಕ್ಕದವರ ಮಡಿಲಿಗೆ ಎಸೆದರು.

ಟ್ಯಾಗಪ್ಪ ಗಾಬರಿಯಿಂದ ಮೊಬೈಲು ನೋಡಿದ. ಮೂಡ್: ಶಾಂತಿ. ತಿದ್ದಿದವರು: ಅತ್ತೆ.

ಅವನಿಗೆ ಅರ್ಥವಾಗಿಹೋಯಿತು. ಅತ್ತೆ ಆಯುಷ್ಯವೆಲ್ಲ ಬಟ್ಟೆ ಮಿಲ್ಲಿನಲ್ಲಿ, ದಡಬಡಿಸುವ ಮಗ್ಗಗಳ ಮಗ್ಗುಲಲ್ಲೇ ಕಳೆದವರು. ಸದ್ದು ನಿಂತರೆ ಯಾವುದೋ ಯಂತ್ರ ಕೆಟ್ಟಿತೆಂದು ಅವರಿಗೆ ಎದೆ ಹೊಡೆದುಕೊಳ್ಳುತ್ತದೆ. ಗದ್ದಲವಿದ್ದರೆ ಮಾತ್ರ ನಿದ್ದೆ. ಆ ಲೆಕ್ಕದಲ್ಲಿ ಡೋಲಿಗೆ ಶಾಂತಿಯೆಂದೇ ಟ್ಯಾಗು ಹಾಕಿದ್ದರು. ಟ್ಯಾಗಪ್ಪ ಅದನ್ನು ಹೊಡೆದುಹಾಕಿ 'ಗಲಾಟೆ' ಎಂದು ಬರೆದು ನಿಟ್ಟುಸಿರುಬಿಟ್ಟ.

ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಹೆಂಡತಿಯ ಫೋನು ಬಂತು.

"ರೀ, ಅಮ್ಮನ ಹಾಡಿಗೆ ಏನು ಮಾಡಿದ್ರಿ? ಈಗ ತಾನೇ ಕಣ್ಣು ಮುಚ್ಚಿದ್ರು. ಮಧ್ಯ ಕೊಳಲು ಬಂತು, ಎದ್ದು ಕೂತ್ರು. ಎದ್ದವರು ಸುಮ್ಮನೆ ಕೂರ್ತಾರಾ, ಈಗ ನಿಮ್ಮ ಕಪಾಟು ಖಾಲಿ ಮಾಡಿಸ್ತಿದಾರೆ."

ಟ್ಯಾಗಪ್ಪ ಈ ಸಲ ಬಗ್ಗಲಿಲ್ಲ. ಇದು ತನ್ನ ಅನ್ನದ ಪ್ರಶ್ನೆ, ಮಾನದ ಪ್ರಶ್ನೆ ಎಂದು ಪಿಸುದನಿಯಲ್ಲೇ ಗುಡುಗಿದ. ಆ ಭರದಲ್ಲಿ ಪಟ್ಟಿ ಜಾರಿಸುತ್ತಿದ್ದಾಗ ಇನ್ನೊಂದು ಅನಾಹುತ ಕಣ್ಣಿಗೆ ಬಿತ್ತು. ಅವನು ಜೀವಕ್ಕಿಂತ ಹೆಚ್ಚು ಪ್ರೀತಿಸುವ ಪಿಟೀಲಿನ ಮುಂದೆ, ಪ್ರಕಾರದ ಜಾಗದಲ್ಲಿ 'ಇಸ್ತ್ರಿ' ಎಂದಿತ್ತು. ಕೇಳಿದರೆ, ಅದು ಮುಗಿಯುವಷ್ಟರಲ್ಲಿ ಸರಿಯಾಗಿ ಎರಡು ಅಂಗಿ ಆಗುತ್ತವಲ್ಲ ಎಂದು ಹೆಂಡತಿ ಸಹಜವಾಗಿ ಹೇಳಿ ಫೋನಿಟ್ಟಳು.

ಅಲ್ಲಿಂದ ಯುದ್ಧ ಶುರುವಾಯಿತು. ಅವನು 'ಗಲಾಟೆ' ಎಂದರೆ ಆ ಕಡೆಯಿಂದ 'ಶಾಂತಿ' ಎಂದು ತಿದ್ದುಪಡಿ. ಅವನು ಕೊಳಲನ್ನು ಒಳಗೆ ತಂದರೆ ಆ ಕಡೆಯವರು ಅದನ್ನು 'ತಲೆನೋವು' ಎಂದು ಹೊರಗೆ ತಳ್ಳುವರು. ಸ್ಪೀಕರು ಒಮ್ಮೆ ಜೋಗುಳ ಹಾಡಿ ಒಮ್ಮೆ ಸಮರ ಸಾರಿತು. ದರ್ಜಿ ಎದ್ದು ಬಾಗಿಲ ಬಳಿ ನಿಂತುಕೊಂಡರು. ಸಿಸ್ಟರು ಒಳಗಿನಿಂದ ಇಣುಕಿ, ಡಾಕ್ಟರ ಕೈ ನಡುಗುತ್ತಿದೆ, ರೋಗಿ ಯಾಕೆಂದು ಕೇಳುತ್ತಿದ್ದಾರೆ ಎಂದು ತಿಳಿಸಿ ಹೋದರು.

ಇನ್ನು ದಾಕ್ಷಿಣ್ಯ ಸಾಕು ಎಂದು ಟ್ಯಾಗಪ್ಪ ನಿರ್ಧರಿಸಿದ. ಅತ್ತೆಯ ಹೆಸರು ಒತ್ತಿದ. ಕೆಳಗೆ ಎರಡು ಗುಂಡಿಗಳು ಬಂದವು: 'ಹಕ್ಕು ತೆಗೆಯಿರಿ', 'ಹಕ್ಕು ವಹಿಸಿ'. ಯಾವುದನ್ನು ಒತ್ತಬೇಕೆಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಬೆರಳಿಗೆ ಮಾತ್ರ ಇತ್ತು. ಖಚಿತವೇ ಎಂದು ಮೊಬೈಲು ಕೇಳಿತು. ನೂರಕ್ಕೆ ನೂರು ಎಂದುಕೊಂಡು ಮತ್ತೆ ಒತ್ತಿದ.

ಮಾಲೀಕರು: ಅತ್ತೆ. ನೀವು: ಕೇಳಲು ಮಾತ್ರ.

ಅವನು ಬೆವರೊರೆಸಿಕೊಳ್ಳುವ ಮೊದಲೇ ಅತ್ತೆಯ ಫೋನು. "ಅಳಿಯಂದ್ರೇ, ಇಷ್ಟು ದೊಡ್ಡ ಮನಸ್ಸು ನಿಮ್ಮದು ಅಂತ ನನಗೆ ಗೊತ್ತೇ ಇರ್ಲಿಲ್ಲ. ಇಡೀ ಭಂಡಾರಾನೇ ನನಗೆ ಒಪ್ಪಿಸಿಬಿಟ್ರಲ್ಲ. ಸಂಜೆಯೊಳಗೆ ಎಲ್ಲಾ ಸರಿಮಾಡಿ ಇಡ್ತೀನಿ, ನೀವು ಯೋಚನೆ ಮಾಡ್ಬೇಡಿ."

ಸಂಜೆಯವರೆಗೆ ಕಾಯಬೇಕಾಗಲಿಲ್ಲ. ನೋಡನೋಡುತ್ತಿದ್ದಂತೆ ಶಾಂತಿಯ ಪಟ್ಟಿಯಿಂದ ಕೊಳಲು, ಪಿಟೀಲು ಎಲ್ಲ ಕಾಲ್ತೆಗೆದು, ಜಗತ್ತಿನಲ್ಲಿ ಬಡಿಯಬಹುದಾದದ್ದೆಲ್ಲ ಒಳಗೆ ಬಂದು ಕೂತಿತು. ಸರಿಯಾಗಿ ಅದೇ ಹೊತ್ತಿಗೆ ಡ್ರೈವಿಂಗ್ ಸ್ಕೂಲಿನ ಯಜಮಾನರು ಬಾಗಿಲು ತಳ್ಳಿಕೊಂಡು ಬಂದರು.

ಟ್ಯಾಗಪ್ಪ ಹಾಡನ್ನು ನಿಲ್ಲಿಸಿಯೇಬಿಟ್ಟ. ಕೋಣೆ ಸ್ತಬ್ಧವಾಯಿತು. ಆ ನಿಶ್ಶಬ್ದದಲ್ಲಿ ಒಳಗಿನ ಮಷೀನು ಕುಂಯ್ಯೆಂದು ಎಳೆದು ಕೂಗಿತು. ಯಜಮಾನರ ಮುಖ ಸುಣ್ಣದಂತಾಯಿತು. ಕೂರಲು ಬಗ್ಗಿದ್ದ ಅವರು ಹಾಗೇ ತಿರುಗಿದರು, ಒಂದು ಕೈ ಆಗಲೇ ಬಾಗಿಲಿನ ಹಿಡಿಯ ಮೇಲಿತ್ತು. ಟ್ಯಾಗಪ್ಪನ ಕಣ್ಣಿಗೆ ಗೋಡೆಯ ಮೇಲೆ ಟಿವಿ ಕಂಡಿತು. ಏನು ಮಾಡುತ್ತಿದ್ದೇನೆಂದು ತಿಳಿಯದೆ ಅವನು ಹಾಡು ಮತ್ತೆ ಹಚ್ಚಿ, ಸ್ಪೀಕರಿನ ತಿರುಪನ್ನು ಕೊನೆಯವರೆಗೆ ತಿರುಗಿಸಿದ.

ಡೋಲು ಮೊಳಗಿತು. ಮಷೀನು ಎಲ್ಲೋ ಮುಳುಗಿಹೋಯಿತು. ಯಜಮಾನರು ಬಾಗಿಲ ಬಳಿಯೇ ನಿಂತು ಕಿವಿಗೊಟ್ಟರು. ಆಮೇಲೆ ಬಂದು ಕೂತರು. ಆಮೇಲೆ ಕಾಲು ಕುಣಿಸತೊಡಗಿದರು. ಸರದಿ ಬಂದಾಗ ಮೆರವಣಿಗೆಗೆ ಹೊರಟವರ ಹಾಗೆ ಒಳಗೆ ನಡೆದರು. ಹೊರಗೆ ಬಂದಾಗ ಬಾಯಲ್ಲಿ ಹತ್ತಿ ಇತ್ತು, ಹಲ್ಲು ಇರಲಿಲ್ಲ. ಟ್ಯಾಗಪ್ಪನ ಕೈ ಕುಲುಕಿ ಹೋದರು.

ಡಾಕ್ಟರು ಹಿಂದೆಯೇ ಬಂದರು. ಮಷೀನಿನ ಸದ್ದು ಯಾರಿಗೂ ಕೇಳಿಸಲೇ ಇಲ್ಲ, ತಮಗೂ ಇಷ್ಟು ವರ್ಷದಲ್ಲಿ ಇಷ್ಟು ಸಲೀಸಾಗಿ ಹಲ್ಲು ಬಂದಿರಲಿಲ್ಲ, ಟಿವಿಯ ಮಾತೇ ಬೇಡ ಎಂದರು. ಟ್ಯಾಗಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲ ತನ್ನದೇ ಆಯ್ಕೆ, ಬಹಳ ಯೋಚಿಸಿ ಹಾಕಿದ ಟ್ಯಾಗು ಎಂದು ಅವನು ವಿವರಿಸುತ್ತಿದ್ದಾಗ, ಸಿಸ್ಟರು ಮೊಬೈಲಿನತ್ತ ಬಗ್ಗಿ ಓದಿದರು.

"ಇಲ್ಲಿ ಮಾಲೀಕರು ಅತ್ತೆ ಅಂತ ಇದೆಯಲ್ಲ ಡಾಕ್ಟ್ರೇ."

ಡಾಕ್ಟರು ಅಲ್ಲೇ ಅತ್ತೆಗೆ ಫೋನು ಹಚ್ಚಿಸಿ ಮಾತಾಡಿದರು. ಅತ್ತೆ ಬೇಡ ಬೇಡ ಎನ್ನುತ್ತಲೇ ಒಪ್ಪಿಕೊಂಡರು.

"ನಾಳೆಯಿಂದ ಆ ಅಮ್ಮನೇ ನಿನ್ನ ಕುರ್ಚಿಯಲ್ಲಿ ಕೂತ್ಕೊಳ್ಳಲಿ," ಎಂದರು ಡಾಕ್ಟರು. "ಹಾಡೂ ನೋಡ್ಕೊಳ್ತಾರೆ, ಸರದೀನೂ ನೋಡ್ಕೊಳ್ತಾರೆ. ನೀನು ಒಳಗೆ ಬಂದ್ಬಿಡು. ಮಷೀನು ಹಚ್ಚಿದಾಗ ಪಕ್ಕದಲ್ಲಿ ಉಗುಳು ಎಳೆಯೋ ಪೈಪು ಹಿಡಿಯೋಕೆ ನನಗೊಂದು ಕೈ ಬೇಕಿತ್ತು."

ಟ್ಯಾಗಪ್ಪ ಮೇಜಿನಂಚು ಹಿಡಿದುಕೊಂಡ. ಅವನಿಗೆ ಆ ಮಷೀನೆಂದರೆ ಯಜಮಾನರಿಗಿಂತ ಹೆಚ್ಚು ಭಯ. ಅದರ ಕೂಗನ್ನು ತಾನು ಮರೆಯಲೆಂದೇ ಅವನು ಆ ಶಾಂತಿಯ ಪಟ್ಟಿ ಮಾಡಿಕೊಂಡಿದ್ದು. ರೋಗಿಗಳದೆಲ್ಲ ಬರೀ ನೆಪ.

ಸಂಜೆ ಮನೆಗೆ ಹೋದಾಗ ಅತ್ತೆ ನಾಳೆ ಉಡುವ ಸೀರೆಯನ್ನು ಇಸ್ತ್ರಿಗೆ ಕೊಟ್ಟು ಅವನಿಗಾಗಿಯೇ ಕಾಯುತ್ತಿದ್ದರು.

"ಅಳಿಯಂದ್ರೇ, ನೀವು ಒಳಗಿರ್ತೀರಂತೆ. ನಿಮಗೆ ಈ ಗಲಾಟೆ ಆಗಲ್ಲ ಅಂತ ನನಗೆ ಗೊತ್ತು. ಬೇಕಾದ್ರೆ ಸ್ವಲ್ಪ ಮೆಲ್ಲಗೆ ಇಡ್ತೀನಿ."

"ಬೇಡ ಅತ್ತೆ," ಎಂದ ಟ್ಯಾಗಪ್ಪ ಕೈಮುಗಿದು. "ದಯವಿಟ್ಟು ಪೂರ್ತಿ ಜೋರಾಗಿ ಇಡಿ."